ಚಿಕ್ಕಪ್ಪನ ಹಚ್ಚೆಹೂಗಳು

ನಮ್ಮ ಚಿಕ್ಕಪ್ಪ ಹೆಂಗಸರ ಮುಖ ನೋಡುತ್ತಿರಲಿಲ್ಲ. ಕೈ ನೋಡುತ್ತಿದ್ದ!

ತಕ್ಷಣ ಏನೇನೋ ಕಲ್ಪಿಸಿಕೊಳ್ಳಬೇಡಿ. ಅವನು ಜ್ಯೋತಿಷಿಯಲ್ಲ, ಬಳೆಗಾರನೂ ಅಲ್ಲ, ನೀವು ಈಗ ಅಂದುಕೊಂಡ ಮೂರನೆಯ ಜಾತಿಯವನಂತೂ ಖಂಡಿತ ಅಲ್ಲ. ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಅವನಿಗೆ ಇದ್ದ ಹುಚ್ಚು ಒಂದೇ. ಹಚ್ಚೆ, ಅದರಲ್ಲೂ ಹೂವಿನ ಹಚ್ಚೆ. ಸತ್ಯನಾರಾಯಣಪೇಟೆಯ ನಮ್ಮ ಓಣಿಯ ಹೆಂಗಸರನ್ನು ಅವನು ಗುರುತಿಸುತ್ತಿದ್ದದ್ದೇ ಅವರ ಮುಂಗೈ ಮೇಲಿನ ಹಸಿರು ಹೂವುಗಳಿಂದ. "ಅತ್ತಿಗಿ, ಆ ಎಂಟೆಸಳಿನ ಕಮಲ ಬಂದು ಜಲ್ಲಡಿ ಇಸಕೊಂಡು ಹೋತು" ಎಂದು ನನ್ನವ್ವನಿಗೆ ಹೇಳಿ ಸ್ಕೂಲಿಗೆ ಹೊರಟುಬಿಡುತ್ತಿದ್ದ. ಜಲ್ಲಡಿ ಯಾರ ಮನೆಯಲ್ಲಿದೆ ಎಂದು ತಿಳಿಯಲು ಅವ್ವ ಇಡೀ ಓಣಿಯ ಕೈಗಳನ್ನು ತಡಕಾಡಬೇಕಾಗುತ್ತಿತ್ತು!

ಕುರುಗೋಡಿಗೆ ಕನ್ಯೆ ನೋಡಲು ಹೋದಾಗ ಆದದ್ದೂ ಇದೇ. ಹುಡುಗಿ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಬಂದಳಂತೆ. ಇವನು ತಟ್ಟೆ ಇಸಿದುಕೊಳ್ಳದೆ, ತಲೆ ಎತ್ತದೆ, ತಟ್ಟೆ ಹಿಡಿದ ಕೈಯನ್ನೇ ನೋಡುತ್ತ ಕೂತನಂತೆ. ಪಾಪ, ಹುಡುಗಿಯ ಕೈ ಸೋತು ಮಂಡಕ್ಕಿ ಚಾಪೆಯ ಮೇಲೆ ಚೆಲ್ಲಿತು. ವಾಪಸು ಬರುವಾಗ ನಮ್ಮಜ್ಜಿ ಕೇಳಿದಳು: "ಹುಡುಗಿ ಹೆಂಗದಾಳೋ?"

"ಒಂದ್ ಕಡಿ ಐದು, ಇನ್ನೊಂದ್ ಕಡಿ ಎರಡ ಅದಾವು ಬೇ!"

"ಏನು, ಹಲ್ಲೇನೋ?" ಅಜ್ಜಿಗೆ ಎದೆ ಒಡೆದುಹೋಯಿತು.

"ಎಸಳು ಬೇ, ಎಸಳು! ಅಂಥಾ ಹೂವ ಭೂಮಿ ಮ್ಯಾಲೇ ಇಲ್ಲ. ತುಂಬಿದ ಕಡಿಂದ ಖಾಲಿ ಕಡಿಗೆ ಬಾಗೇತಿ ಅಂದ್ರ, ಅದು ದಾನದ ಹೂವು. ಮದುವಿ ಅಂತಾದ್ರ ಅಕಿನ್ನ!"

ಮದುವೆಯಾಯಿತು. ಹಂದರದಲ್ಲಿ ಬಂದವರಿಗೆಲ್ಲ ವಧುವಿನ ಮುಂಗೈಯ ದಾನಗುಣವನ್ನು ವರನೇ ಬಣ್ಣಿಸಿದ. ಎಲ್ಲ ಮುಗಿದು ಮನೆ ಖಾಲಿಯಾದ ಮೇಲೆ, ಆ ಹೂವಿನ ಹೆಸರೇನು ಎಂದು ಚಿಕ್ಕಮ್ಮನನ್ನು ಭಕ್ತಿಯಿಂದ ಕೇಳಿದ. ಚಿಕ್ಕಮ್ಮ ನಕ್ಕುಬಿಟ್ಟಳು. "ದಾನನೂ ಇಲ್ಲ, ಧರ್ಮನೂ ಇಲ್ರಿ. ಸಣ್ಣಾಕಿ ಇದ್ದಾಗ ಸೇವಂತಿಗಿ ಹಾಕಸ್ತೀನಿ ಅಂತ ನಮ್ಮವ್ವ ಹಿಡಕೊಂಡು ಕುಂತಿದ್ಲು. ನೋವು ತಡೀಲಾರದ ನಡುವ ಕೈ ಜಗ್ಗಿ ಓಡಿಬಿಟ್ಟೆ. ಉಳದಿದ್ದ ಎಸಳು ಹಾಕಸಾಕ ನಾ ಮತ್ತ ಸಿಗಲೇ ಇಲ್ಲ!"

ಬೇರೆ ಯಾರಾದರೂ ಆಗಿದ್ದರೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದರು. ಚಿಕ್ಕಪ್ಪ ತನ್ನ ನೋಟ್‌ಬುಕ್ ತೆಗೆದು, 'ದಾನ' ಎಂಬುದನ್ನು ಹೊಡೆದುಹಾಕಿ 'ಧೈರ್ಯ' ಎಂದು ಬರೆದ.

"ಓಡಿ ಹೋಗಿದ್ದು ಧೈರ್ಯ ಹೆಂಗಾಗತೈತ್ರಿ?"

"ನಿಮ್ಮವ್ವನ ಕೈಯಾಗಿಂದ ಬಿಡಿಸ್ಕೊಂಡು ಓಡೋದು ಅಂದ್ರ ಸುಮ್ಮನನ?" ಎಂದ. ಅಷ್ಟರಲ್ಲಿ ಅವನು ಅತ್ತೆಯನ್ನು ನೋಡಿದ್ದ!

ಆ ನೋಟ್‌ಬುಕ್ಕಿನ ಬಗ್ಗೆ ಹೇಳಲೇಬೇಕು. ಪುಟಕ್ಕೊಂದು ಹೂವು, ಕೆಳಗೆ ಅದರ ಅರ್ಥ, ಅದನ್ನು ಯಾರು ಹಾಕಿಸಿಕೊಳ್ಳಬೇಕು ಎಂಬ ಸಲಹೆ. ಸಂಪಿಗೆ ಸಿಟ್ಟಿನವರಿಗೆ, ಏಕೆಂದರೆ ಘಮದಂತೆ ಸಿಟ್ಟೂ ಆಳು ಬರುವ ಮೊದಲೇ ಗೊತ್ತಾಗುತ್ತದೆ. ಬದನೆ ಹೂವು, ತಲೆ ತಗ್ಗಿಸಿಕೊಂಡೇ ಮನೆಯನ್ನು ಸಾಕುವವರಿಗೆ. ಎಕ್ಕೆ ಹೂವು, ಯಾರೂ ನೀರು ಹಾಕದಿದ್ದರೂ ಬಳ್ಳಾರಿ ಬಿಸಿಲಲ್ಲಿ ನಗುವವರಿಗೆ. ಕಮಲ, ಕೆಸರಲ್ಲಿದ್ದೂ ಅಂಟಿಸಿಕೊಳ್ಳದವರಿಗೆ. ಈ ಕಮಲವನ್ನು ಅವನು ಕೂಡುಕುಟುಂಬದ ಸೊಸೆಯೊಬ್ಬಳಿಗೆ ಅವಳ ಅತ್ತೆಯ ಎದುರಿನಲ್ಲೇ ಸೂಚಿಸಿದ. "ಹಂಗಾರ ನಮ್ಮ ಮನಿ ಕೆಸರೇನ್ರಿ ಮಾಸ್ತರ?" ಎಂದು ಆ ಅತ್ತೆ ಎದ್ದು ನಿಂತಾಗ ಚಿಕ್ಕಪ್ಪನಿಗೆ ನಮ್ಮ ಹಿತ್ತಲ ಬಾಗಿಲೇ ಗತಿಯಾಯಿತು.

ಪಾರ್ವತಿನಗರದ ಅಧಿಕಾರಿಯೊಬ್ಬರ ಹೆಂಡತಿ ಸಣ್ಣದೊಂದು ಗುಲಾಬಿ ಬರೆದುಕೊಡಿ ಎಂದು ಕಾರಿನಲ್ಲಿ ಬಂದಿದ್ದರು. ಅವರನ್ನು ಐದು ನಿಮಿಷ ಮಾತಾಡಿಸಿ, "ನಿಮಗ ಬದನಿ ಹೂವ ಒಪ್ಪತೈತ್ರಿ" ಎಂದ. ಕಾರು ಮತ್ತೆ ನಮ್ಮ ಓಣಿಗೆ ಬರಲಿಲ್ಲ.

ವರ್ಷಕ್ಕೊಮ್ಮೆ ಹಚ್ಚೆ ಹಾಕುವ ಮುದುಕಿ ಓಣಿಗೆ ಬರುತ್ತಿದ್ದಳು. ಅರ್ಧ ಕನ್ನಡ, ಅರ್ಧ ತೆಲುಗು. ಸೂಜಿಗಳ ಕಟ್ಟು, ಕಾಡಿಗೆಯ ಚಿಪ್ಪು, ಅರಿಸಿನ, ಇಷ್ಟೇ ಅವಳ ಆಸ್ತಿ. ಚಿಕ್ಕಪ್ಪ ರಜೆ ಹಾಕಿ ಅವಳ ಪಕ್ಕದಲ್ಲಿ ಕೂರುತ್ತಿದ್ದ. ಅವಳಿಗೆ ಈ ಅರ್ಥಗಳ ಗೊಡವೆಯೇ ಇರಲಿಲ್ಲ. "ಪುವ್ವಂಟೇ ಪುವ್ವೇ ಸಾಮಿ!" ಎನ್ನುತ್ತಿದ್ದಳು. ಹೂವು ಅಂದರೆ ಹೂವೇ, ಅದರಲ್ಲೇನು ಅರ್ಥ? ಚಿಕ್ಕಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಅವಳು ಚುಚ್ಚುವುದು, ಇವನು ಮಾತಾಡುವುದು. "ಈ ಸಾಮಿ ಕುಂತ್ರ ನನಗ ಅನುಕೂಲ. ಇವರ ಮಾತಿನ ಮುಂದ ಸೂಜಿ ನೋವು ತಿಳ್ಯಾಂಗಿಲ್ಲ!" ಎಂದು ಮುದುಕಿ ಊರೆಲ್ಲ ಹೇಳಿಕೊಂಡು ಬಂದಳು. ಚಿಕ್ಕಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ಒಮ್ಮೆ ಕೊಳಗಲ್ಲಿನ ಹೆಣ್ಣುಮಗಳೊಬ್ಬಳಿಗೆ ಹತ್ತಿ ಹೂವು ಹಾಕಿಸಿದ. ಹತ್ತಿ ಹೂವು ಅರಳಿದ ದಿನ ಬೆಳ್ಳಗಿದ್ದು ಮರುದಿನ ಕೆಂಪಾಗುತ್ತದಲ್ಲ, ಹಾಗಾಗಿ ಅದು ಮನಸ್ಸು ಬದಲಿಸುವ ಸ್ವಾತಂತ್ರ್ಯದ ಗುರುತಂತೆ. ತಿಂಗಳೊಳಗೆ ಅವಳ ಗಂಡ ಬಾಗಿಲಿಗೆ ಬಂದ. "ಮಾಸ್ತರ್ರ, ಏನು ಹಾಕ್ಸೀರಿ ನೀವು? ಮುಂಜಾನಿ ರೊಟ್ಟಿ ಮಾಡ್ತೀನಿ ಅಂತಾಳ, ಮಧ್ಯಾಹ್ನ ನೋಡಿದ್ರ ತವರಿಗೆ ಹೋಗ್ಯಾಳ. ಕೇಳಿದ್ರ ಮುಂಗೈ ತೋರಸ್ತಾಳ!"

ಚಿಕ್ಕಪ್ಪ ನಿಧಾನವಾಗಿ ಅವನ ಕೈ ನೋಡಿ ಹೇಳಿದ: "ನಿಮ್ದು ಇನ್ನೂ ಖಾಲಿ ಐತಿ. ತುಂಬೆ ಹೂವ ಹಾಕಿಸ್ಕೊರ್ರಿ. ತಾಳ್ಮೆ ಬರತೈತಿ."

ನಮ್ಮಕ್ಕನ ನಿಶ್ಚಯಕ್ಕೆಂದು ಸಿರುಗುಪ್ಪಕ್ಕೆ ಹೊರಟಾಗ ಬಸ್ಸಿನಲ್ಲಿ ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಆಗ ಕಾಲೇಜಿನಲ್ಲಿದ್ದ ನನಗೆ ಮರ್ಯಾದೆಯ ಚಿಂತೆ ಬಹಳ. ಮುಂದಿನ ಸೀಟಿನ ಹೆಂಗಸು ಕಂಬಿಯ ಮೇಲೆ ಕೈ ಇಟ್ಟಿದ್ದೇ ತಡ, ಇವನು ಮೂಗು ತಾಗುವಷ್ಟು ಬಾಗಿದ. ಆಕೆ ತಿರುಗಿ, "ಯಾಕಲೇ, ಕಣ್ಣು ಕೆಟ್ಟಾವೇನು?" ಎಂದು ಗುಡುಗಿದಳು.

"ಚೊಲೋ ಅದಾವ್ರಿ. ಅದಕ್ಕ ಕಂಡತು. ನಿಮ್ಮ ಕಮಲದಾಗ ಎಂಟಕ್ಕ ಒಂದು ಎಸಳು ಕಡಿಮಿ ಐತಿ!"

ಆಕೆ ಎಣಿಸಿದಳು. ಏಳೇ! "ಅಯ್ಯ ಶಿವನ! ಇಪ್ಪತ್ತು ವರ್ಷದಿಂದ ಮೋಸ ಹೋಗೀನಿ!" ಎಂದು ಕೂಗಿದ್ದೇ, ಬಸ್ಸಿನ ಹೆಂಗಸರೆಲ್ಲ ಕೈ ಚಾಚಿದರು. ಕೊನೆಗೆ ಕಂಡಕ್ಟರೂ ತೋಳು ಮೇಲೇರಿಸಿ, ಯಾವುದೋ ಊರಲ್ಲಿ ಮೆಷಿನ್ನಿನಿಂದ ಹಾಕಿಸಿಕೊಂಡ ಗುಲಾಬಿಯನ್ನು ತೋರಿಸಿ, "ಇದಕ್ಕೇನು ಅರ್ಥ ಸಾರ್?" ಎಂದ.

ಚಿಕ್ಕಪ್ಪ ಕನ್ನಡಕ ಏರಿಸಿ ನೋಡಿದ. "ಇದು ಗುಲಾಬಿ ಅಲ್ಲಪ್ಪ, ಎಲೆಕೋಸು."

ಸಿರುಗುಪ್ಪ ಇನ್ನೂ ಒಂದು ಮೈಲಿ ಇರುವಾಗಲೇ ನಮ್ಮನ್ನು ಇಳಿಸಲಾಯಿತು. ಭತ್ತದ ಗದ್ದೆಗಳ ಪಕ್ಕ, ಹಣ್ಣಿನ ಬುಟ್ಟಿ ಹೊತ್ತು, ನಿಶ್ಚಯಕ್ಕೆ ನಡೆದೇ ಹೋದೆವು!

ಆ ಗಂಡಿನ ಮನೆಯವರದು ಒಂದು ಪದ್ಧತಿ. ಸೊಸೆಯ ಎಡ ಮುಂಗೈ ಮೇಲೆ ಗಂಡನ ಹೆಸರು ಹಾಕಿಸುವುದು. ಚಿಕ್ಕಪ್ಪ, "ಹೂವ ಹಾಕಸ್ರಿ, ಹೆಸರ ಯಾಕ?" ಎಂದು ಎರಡು ಸಲ ಹೇಳಿ ನೋಡಿದ. ಎಲ್ಲರೂ ನಕ್ಕರು, ನಾವೂ ನಕ್ಕೆವು. ಅಕ್ಕನ ಕೈ ಮೇಲೆ ನಾಲ್ಕು ಅಕ್ಷರ ಕೂತವು.

ಮದುವೆಯಾಗಿ ಮೂರು ವರ್ಷಕ್ಕೆ ಅಕ್ಕ ಟ್ರಂಕಿನೊಂದಿಗೆ ವಾಪಸು ಬಂದಳು. ಆ ನಾಲ್ಕು ಅಕ್ಷರದ ಮನುಷ್ಯ ಇನ್ನೊಬ್ಬಳನ್ನು ಮನೆಗೆ ತಂದು, ನೀನು ಹೋಗು ಎಂದಿದ್ದ. ಅಕ್ಕ ಅಳಲಿಲ್ಲ. ಮಣಿಕಟ್ಟಿನವರೆಗೆ ತೋಳಿರುವ ರವಿಕೆಗಳನ್ನು ತಾನೇ ಹೊಲಿದುಕೊಂಡಳು. ಬಳ್ಳಾರಿಯ ಬೇಸಿಗೆಯಲ್ಲಿ! ಗೋಡೆ ಮುಟ್ಟಿದರೆ ಕೈ ಸುಡುವ ದಿನಗಳಲ್ಲಿ! ಕೇಳಿದವರಿಗೆ ಅವ್ವ, "ಅಕಿಗೆ ಥಂಡಿ ಆಗೈತಿ" ಎನ್ನುತ್ತಿದ್ದಳು. ಊರವರ ಕೈಯನ್ನೆಲ್ಲ ನೋಡುವ ಚಿಕ್ಕಪ್ಪ, ಅಕ್ಕ ಊಟಕ್ಕೆ ಬಡಿಸಲು ಬಂದರೆ ತಟ್ಟೆಯನ್ನು ಮಾತ್ರ ನೋಡುತ್ತಿದ್ದ.

ಒಂದು ಭಾನುವಾರ ಅವನು ತೆಳು ಕಾಗದ, ಪೆನ್ಸಿಲು ಹಿಡಿದು ಅವಳ ಎದುರು ಕೂತ. "ಒಂದು ಸಲ ಕೈ ತೋರಸ್ತೀ ಏನವ್ವ?" ಎಂದ. ಯಾರನ್ನೂ ಹೀಗೆ ಕೇಳಿ ನೋಡಿದವನಲ್ಲ. ಅಕ್ಕ ಗುಂಡಿ ಬಿಚ್ಚಿ ತೋಳು ಮಡಿಸಿದಳು. ಬೆವರುಸಾಲೆಯ ನಡುವೆ ಆ ಹೆಸರಿತ್ತು.

ಅವ್ವ ಅಡುಗೆಮನೆಯಿಂದ ಬಂದವಳು ಗಾಬರಿಯಾದಳು. "ಗಂಡನ ಹೆಸರ ಅಳಸ್ತೀ ಏನಪ್ಪ? ನಾಳಿ ಅವ ತಿರುಗಿ ಬಂದ್ರ?"

"ಅಳಸಾಂಗಿಲ್ಲ ಅತ್ತಿಗಿ, ಅಳಸಾಕ ಬರೂದೂ ಇಲ್ಲ. ಅರಳಸ್ತೀನಿ. ನಮ್ಮ ಕನ್ನಡ ಅಕ್ಷರ ದುಂಡಗ ಅದಾವು. ಹೂವಾಗಾಕ ಭಾಳ ತ್ರಾಸ ಇಲ್ಲ."

ಅವ್ವ ಅಕ್ಕನ ಮುಖ ನೋಡಿದಳು. ಅಕ್ಕ ಹೇಳಿದಳು: "ಅವ ಬರೂದಿಲ್ಲ ಬೇ. ನನಗ ಸೆಕಿ ಆಗೈತಿ."

ಹತ್ತು ದಿನ ಚಿಕ್ಕಪ್ಪ ಬರೆದ, ಹರಿದ, ಮತ್ತೆ ಬರೆದ. ಆಮೇಲೆ ತಾನೇ ಹುಡುಕಿಕೊಂಡು ಹೋಗಿ ಮುದುಕಿಯನ್ನು ಕರೆತಂದ. "ಪಚ್ಚಬೊಟ್ಟಿನ ಮ್ಯಾಲ ಪಚ್ಚಬೊಟ್ಟು ಅಂದ್ರ ಭಾಳ ನೋಯ್ತದ ತಾಯಿ" ಎಂದಳು ಅವಳು, ಹಳೆಯ ಹಚ್ಚೆಯನ್ನು ಬೆರಳಿಂದ ಸವರುತ್ತ. ಅಕ್ಕ ಕೈ ಚಾಚಿದಳು. ಮುದುಕಿ ಚುಚ್ಚುತ್ತಿದ್ದಷ್ಟು ಹೊತ್ತೂ ಚಿಕ್ಕಪ್ಪ ಅಕ್ಕನ ಬಲಗೈ ಹಿಡಿದು ಮಾತಾಡಿದ. ಜಾಲಿ ಹೂವು, ತಂಗಡಿ ಹೂವು, ದಾಳಿಂಬೆ ಹೂವು, ಕುಂಬಳ ಹೂವು... ನೀರು ಕುಡಿಯಲೂ ನಿಲ್ಲಿಸಲಿಲ್ಲ. ಅವಳ ಕೈ ಮೇಲೆ ಏಳುತ್ತಿದ್ದ ಹೂವಿನ ಮಾತೊಂದನ್ನು ಬಿಟ್ಟು ಜಗತ್ತಿನ ಎಲ್ಲ ಹೂವುಗಳ ಅರ್ಥ ಹೇಳಿದ. ಮೊದಲನೆಯ ಅಕ್ಷರ ಎಸಳಾಯಿತು, ಎರಡನೆಯದೂ ಆಯಿತು, ಒತ್ತಕ್ಷರ ಎಲೆಯಾಯಿತು. ಸಂಜೆಗೆ ಮುದುಕಿ ಅರಿಸಿನ ಮೆತ್ತಿದಾಗ ಅಲ್ಲಿ ಓದಲು ಏನೂ ಉಳಿದಿರಲಿಲ್ಲ.

ಹಕ್ಕಳೆಯೆಲ್ಲ ಉದುರಿದ ಮೇಲೆ, ಒಂದು ಬೆಳಿಗ್ಗೆ ಅಕ್ಕ ಕತ್ತರಿ ತಂದು ರವಿಕೆಗಳ ತೋಳನ್ನು ಮೊಣಕೈ ಮೇಲಕ್ಕೆ ಕತ್ತರಿಸಿದಳು. ಅದರಲ್ಲೊಂದನ್ನು ತೊಟ್ಟು ಕೊಡ ಹಿಡಿದು ಬೀದಿ ನಲ್ಲಿಗೆ ಹೋದಳು. ನಾವೆಲ್ಲ ಬಾಗಿಲ ಮರೆಯಲ್ಲಿ ನಿಂತೆವು. ಸಾಲಿನಲ್ಲಿದ್ದವರು ಸರಿದು ಜಾಗ ಬಿಟ್ಟರು, ಅಕ್ಕ ಕೊಡವನ್ನು ನಲ್ಲಿಯ ಕೆಳಗಿಟ್ಟಳು. ಆಮೇಲೆ ಒಬ್ಬಳು ಅಕ್ಕನ ಕೈ ಹಿಡಿದು ತಿರುಗಿಸಿ, "ಅಯ್ಯ, ಯಾವ ಹೂವೇ ಇದು? ಏನು ಅರ್ಥ? ಕರೀರಿ ಮಾಸ್ತರ್ನ, ಹೇಳ್ಲಿ!" ಎಂದು ಕೂಗಿದಳು.

ಚಿಕ್ಕಪ್ಪ ಹೊಸ್ತಿಲವರೆಗೆ ಹೋದ. ಬಾಯಿ ತೆರೆದ. ಆಮೇಲೆ ಗೋಡೆಗೆ ತಿರುಗಿ ಪಂಚೆಯ ಅಂಚಿನಿಂದ ಕನ್ನಡಕ ಒರೆಸತೊಡಗಿದ.

ಚಿಕ್ಕಮ್ಮ ಅವನನ್ನೊಮ್ಮೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಲ್ಲಿಯ ಹತ್ತಿರ ಹೋಗಿ, ಅಕ್ಕನ ಪಕ್ಕದಲ್ಲಿ ನಿಂತಳು.

"ನಮ್ಮ ಮನಿ ಹೂವ್ರಿ ಅದು" ಎಂದಳು. "ಅಕಿ ಕೊಡ ತುಂಬೈತಿ, ದಾರಿ ಬಿಡ್ರಿ."