ಶ್ರಮ ಕಂಡುಬಂದಿಲ್ಲ

ಮನುಷ್ಯನ ದೇಹಕ್ಕೆ ಶ್ರಮವಾದಾಗ ನಾಡಿ ಏರುತ್ತದೆ, ಏದುಸಿರು ಬರುತ್ತದೆ, ಮುಖ ಕೆಂಪೇರುತ್ತದೆ. ಆದಕಾರಣ ನಾಡಿ ಏರದ, ಏದುಸಿರು ಬಿಡದ, ಮುಖ ಕೆಂಪೇರದ ಯಾವುದೇ ವ್ಯಕ್ತಿಯು ಶ್ರಮಪಟ್ಟಿರುವುದಿಲ್ಲ. ದೇಹಶ್ರಮ ದೃಢೀಕರಣ ಪ್ರಾಧಿಕಾರದ ಸುತ್ತೋಲೆಯ ತಿರುಳು ಈ ಎರಡೇ ವಾಕ್ಯ. ಉಳಿದ ಹನ್ನೊಂದು ಪುಟಗಳಲ್ಲಿ ಷರತ್ತುಗಳೂ, ಯಾರ್ಯಾರಿಗೆ ಪ್ರತಿ ಹೋಗಬೇಕೆಂಬ ಪಟ್ಟಿಯೂ ಇದ್ದವು.

ಸುತ್ತೋಲೆ ಹೊರಡಲು ಕಾರಣವಿತ್ತು. ಕನಕಪುರದ ಹೊರಗಿನ ರಾಗಿ ಉಗ್ರಾಣದ ಹಾಜರಿ ಪುಸ್ತಕದಲ್ಲಿ ನಲವತ್ತು ಹಮಾಲಿಗಳಿದ್ದರು. ಅಂಗಳದಲ್ಲಿ ಹದಿನೆಂಟು ಜನ ಇದ್ದರು. ಉಳಿದ ಇಪ್ಪತ್ತೆರಡು ಮಂದಿ ಗುತ್ತಿಗೆದಾರ ಅನಂತರಾಜು ಅವರ ಭಾವಮೈದುನರು, ಭಾವಮೈದುನರ ಗೆಳೆಯರು ಮತ್ತು ಸ್ವತಃ ಅನಂತರಾಜು. ಈ ಸಂಗತಿ ಹೇಗೋ ಮೇಲಿನವರ ಕಿವಿಗೆ ಬಿತ್ತು. ನಕಲಿ ಹಮಾಲಿಗಳನ್ನು ಹಿಡಿದೇ ತೀರಬೇಕೆಂದು ಪ್ರಾಧಿಕಾರ ಪಣ ತೊಟ್ಟಿತು. ಒಂದು ಬೆಳಿಗ್ಗೆ ಅಂಗಳಕ್ಕೆ ಬಂದು ನಿಂತರೆ ಮೂಟೆ ಯಾರು ಹೊರುತ್ತಾರೆ ಎಂದು ಕಣ್ಣಿಗೇ ಕಾಣುತ್ತಿತ್ತು. ಆದರೆ ಕಣ್ಣಿನಿಂದ ನೋಡುವುದು ವೈಜ್ಞಾನಿಕ ವಿಧಾನವಲ್ಲ.

ಮೈಕು ಕಟ್ಟಿದ ಆಟೋ ಮೂರು ದಿನ ಪೇಟೆಯನ್ನೆಲ್ಲ ಸುತ್ತಿತು. "ಉಗ್ರಾಣದ ಸಮಸ್ತ ಹಮಾಲಿಗಳ ಗಮನಕ್ಕೆ. ದಿನಾಂಕ ಹದಿನೇಳರಂದು ಏದುಸಿರು ಪರೀಕ್ಷೆ ನಡೆಯಲಿದ್ದು, ಉತ್ತೀರ್ಣರಾದವರಿಗೆ ಮಾತ್ರ ಶ್ರಮಿಕರ ಬಿಲ್ಲೆ ನೀಡಲಾಗುವುದು. ಬಿಲ್ಲೆ ಇಲ್ಲದವರು ಮೂಟೆ ಮುಟ್ಟಿದ್ದಲ್ಲಿ ಅತಿಕ್ರಮ ಪ್ರವೇಶವೆಂದು ಪರಿಗಣಿಸಲಾಗುವುದು. ಅಭ್ಯರ್ಥಿಗಳು ಬರುವಾಗ ತಮ್ಮ ನಾಡಿಯನ್ನು ತಪ್ಪದೇ ತರತಕ್ಕದ್ದು."

ಗೇಟಿನ ಹೊರಗೆ ಟೀ ಕುಡಿಯುತ್ತಿದ್ದ ಬೋರಲಿಂಗಯ್ಯ ಇದನ್ನು ಕೇಳಿ ನಕ್ಕುಬಿಟ್ಟ. ಐವತ್ತಾರು ವರ್ಷದ ಆಸಾಮಿ. ಉಯ್ಯಂಬಳ್ಳಿ ಕಡೆಯಿಂದ ದಿನಾ ಮೊದಲ ಬಸ್ಸಿಗೆ ಬಂದು ಮೂವತ್ತೊಂದು ವರ್ಷದಿಂದ ಮೂಟೆ ಹೊರುತ್ತಿದ್ದವನು. ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕು ಅಂತಲೂ ಅನ್ನಿಸಿರಲಿಲ್ಲ. ಈ ಗೇಟು ಮುಚ್ಚಿದರೆ ಅವನ ಒಲೆಯೂ ಆರಿದಂತೆಯೇ. ಆದರೂ ಅವನು ನಿಶ್ಚಿಂತೆಯಿಂದಿದ್ದ. ಮೂಟೆ ಹೊರುವ ಪರೀಕ್ಷೆಯಲ್ಲಿ ಹಮಾಲಿ ನಪಾಸಾಗುವುದೆಂದರೆ ಮೀನು ಈಜಿನಲ್ಲಿ ಸೋತ ಹಾಗೆ.

"ಸದ್ಯ, ಆ ಅನಂತರಾಜಣ್ಣನ ಕಡೆಯೋರ ಬಂಡ್ವಾಳ ಬಯಲಾಯ್ತದೆ ಬುಡು," ಎಂದ ಪಕ್ಕದ ವಹಾಬನಿಗೆ. ವಹಾಬ್ ರಾಮನಗರದ ರೇಷ್ಮೆ ರೀಲರ್‌ಗಳ ಮನೆಯವನು. ನೂಲು ಬಿಚ್ಚುವ ಬಿಸಿನೀರಿನ ಹಬೆ ಕಣ್ಣಿಗೆ ಆಗದೆ ಇಪ್ಪತ್ತು ವರ್ಷದ ಹಿಂದೆ ಮೂಟೆಗೆ ಬಂದಿದ್ದ.

"ನಂಗ್ಯಾಕೋ ಆ ಸುತ್ತೋಲೆ ಬರ್ದೋನು ಒಂದು ಬಿಂದಿಗೆ ನೀರೂ ಎತ್ತಿಲ್ಲ ಅನ್ಸತೈತೆ, ಬೋರಣ್ಣ," ಎಂದ ವಹಾಬ್.

ಹದಿನೇಳನೇ ತಾರೀಕು ದೃಢೀಕರಣಾಧಿಕಾರಿ ಮಹೇಂದ್ರ ಅವರು ಉಗ್ರಾಣದೊಳಗೆ ಫ್ಯಾನಿನ ಕೆಳಗೆ ಮೇಜು ಹಾಕಿಸಿಕೊಂಡು ಕುಳಿತರು. ಕೊರೊನಾ ಕಾಲದಲ್ಲಿ ಎಲ್ಲರ ಬೆರಳಿಗೂ ಕಚ್ಚಿಸಿದ್ದರಲ್ಲ, ಅದೇ ಪುಟ್ಟ ಯಂತ್ರ ಅವರ ಮುಂದಿತ್ತು. ಐವತ್ತು ಕಿಲೋ ಮೂಟೆ ಹೊತ್ತು ಅಟ್ಟದ ಹದಿನಾಲ್ಕು ಮೆಟ್ಟಿಲು ಹತ್ತಿ ಇಳಿಯಬೇಕು. ನಾಡಿ ನೂರ ನಲವತ್ತು ದಾಟಿದರೆ ಶ್ರಮಿಕ. ದಾಟದಿದ್ದರೆ ಅಲ್ಲ. ಲಂಚ ರುಷುವತ್ತಿಗೆ ಎಡೆಯೇ ಇಲ್ಲದ ಯಂತ್ರ ಎಂದು ಮಹೇಂದ್ರ ಅವರು ಸಣ್ಣ ಭಾಷಣವನ್ನೂ ಮಾಡಿದರು. ಅದು ನಿಜವೂ ಆಗಿತ್ತು. ಲಂಚದ ಅಗತ್ಯವೇ ಬೀಳಲಿಲ್ಲ.

ಅಕಾರಾದಿಯಾಗಿ ಮೊದಲು ಕರೆದದ್ದು ಅನಂತರಾಜು ಅವರನ್ನು. ಷರತ್ತು ಒಂಬತ್ತರ ಪ್ರಕಾರ, ಸ್ವಂತ ತೂಕ ಐವತ್ತು ಕಿಲೋ ಮೀರಿದವರು ತಮ್ಮ ದೇಹವನ್ನೇ ಮೂಟೆಯೆಂದು ಘೋಷಿಸಿಕೊಳ್ಳಬಹುದು. ರಾಗಿ ತೂಗುವ ತಕ್ಕಡಿಯ ಮೇಲೆ ಅವರು ತೊಂಬತ್ತಾರು ಕಿಲೋ ಬಂದರು. ಬರಿಗೈಯಲ್ಲಿ ಮೆಟ್ಟಿಲು ಹತ್ತಿದರು. ಏಳನೇ ಮೆಟ್ಟಿಲಿನಲ್ಲಿ ಗೋಡೆ ಹಿಡಿದರು, ಹನ್ನೊಂದರಲ್ಲಿ ಮನೆದೇವರನ್ನು ನೆನೆದರು. ಇಳಿದು ಬಂದಾಗ ಮುಖ ಬೀಟ್ರೂಟಿನ ಹಾಗಾಗಿತ್ತು. ಯಂತ್ರ ನೂರ ಅರವತ್ತೆಂಟು ತೋರಿಸಿತು.

ಮಹೇಂದ್ರ ಅವರು ಎದ್ದು ನಿಂತು ಕೈಕುಲುಕಿದರು. "ಸಾರ್, ಇಷ್ಟು ದಿನ ನಿಮ್ಮ ಮೇಲೆ ದೂರು ಹೇಳಿದೋರಿಗೆ ಇದೇ ಉತ್ತರ," ಎಂದರು. ಅನಂತರಾಜು ಅವರಿಗೆ ಮಾತು ಹೊರಡಲಿಲ್ಲ, ಅದೂ ದಾಖಲಾಯಿತು.

ಬೋರಲಿಂಗಯ್ಯ ತಕ್ಕಡಿಯ ಮೇಲೆ ನಲವತ್ತೊಂಬತ್ತು ಕಿಲೋ ಬಂದ. ಒಂದು ಕಿಲೋ ಕಡಿಮೆ. ಹಾಗಾಗಿ ಅವನು ನಿಜವಾದ ಮೂಟೆಯನ್ನೇ ಹೊರಬೇಕಾಯಿತು. ತಲೆಗೆ ಟವೆಲ್ ಸುತ್ತಿದ, ಮೂಟೆಯನ್ನು ಬೆನ್ನಿಗೇರಿಸಿದ, ಮೆಟ್ಟಿಲು ಹತ್ತಿ ಇಳಿದು ಬಂದು ಬೆರಳು ಚಾಚಿದ. ಯಂತ್ರ ಎಪ್ಪತ್ತೆಂಟು ಅಂದಿತು. ಮಹೇಂದ್ರ ಅವರು ಯಂತ್ರವನ್ನು ಒರೆಸಿ ಮತ್ತೆ ಹಾಕಿದರು. ಅಷ್ಟರಲ್ಲಿ ಅದು ಎಪ್ಪತ್ತಕ್ಕೆ ಇಳಿದಿತ್ತು.

"ಇನ್ನೊಂದು ಸಲ ಹತ್ತಲಾ, ಸ್ವಾಮಿ?"

"ನೂರು ಸಲ ಹತ್ತಿದರೂ ನಿನಗೆ ಶ್ರಮ ಆಗೋದಿಲ್ಲ ಅಂತ ಕಾಣುತ್ತಲ್ಲಯ್ಯ. ಇಷ್ಟು ವರ್ಷ ಇಲ್ಲಿ ಏನು ಮಾಡ್ತಿದ್ದೆ?"

"ಮೂಟೆ ಹೊರ್ತಿದ್ದೆ, ಸ್ವಾಮಿ."

"ಹೊತ್ತಿದ್ದಕ್ಕೆ ದೇಹದಲ್ಲಿ ಏನಾದರೂ ಪುರಾವೆ?"

ಬೋರಲಿಂಗಯ್ಯ ಅಂಗಿ ತೆಗೆದು ಬೆನ್ನು ತೋರಿಸಿದ. ಹೆಗಲಿನಿಂದ ಕೆಳಗೆ ಅಂಗೈಯಗಲ ಚರ್ಮ ಜಡ್ಡುಗಟ್ಟಿ ಎತ್ತಿನ ಹೆಗಲ ಹಾಗಿತ್ತು. ಜಡ್ಡು ಚರ್ಮರೋಗದ ವ್ಯಾಪ್ತಿಗೆ ಬರುವುದೆಂದು ಮಹೇಂದ್ರ ಅವರು ವಿವರಿಸಿದರು. ಬೆನ್ನಿನ ಮೇಲೆ ಹರಿಯುತ್ತಿದ್ದ ಬೆವರೂ ಲೆಕ್ಕಕ್ಕಿಲ್ಲ, ಅದು ಬಿಸಿಲಿನಿಂದಲೂ ಬರಬಹುದು. ಅರ್ಜಿಯ ಮೇಲೆ ನೇರಳೆ ಮೊಹರು ಬಿತ್ತು: ಶ್ರಮ ಕಂಡುಬಂದಿಲ್ಲ.

ಸಂಜೆಯೊಳಗೆ ಹದಿನೆಂಟು ಹಮಾಲಿಗಳೂ ನಪಾಸಾಗಿ, ಇಪ್ಪತ್ತೆರಡು ಮಂದಿಯೂ ತೇರ್ಗಡೆಯಾದರು. ಯಂತ್ರ ಕೆಟ್ಟಿರಬಹುದೆಂಬ ಅನುಮಾನ ಯಾರಿಗೂ ಉಳಿಯಬಾರದೆಂದು ಮಹೇಂದ್ರ ಅವರು ತಾವೇ ಒಮ್ಮೆ ಮೆಟ್ಟಿಲು ಹತ್ತಿಳಿದರು. ನೂರ ಐವತ್ತೊಂದು ಬಂತು. ನಿಯಮವೆಂದರೆ ನಿಯಮ, ಅವರೂ ಒಂದು ಬಿಲ್ಲೆ ತೆಗೆದುಕೊಂಡರು. ನಕಲಿ ಹಮಾಲಿಗಳು ಕೊನೆಗೂ ಸಿಕ್ಕಿಬಿದ್ದರೆಂದು, ಅವರ ಸಂಖ್ಯೆ ಹದಿನೆಂಟೆಂದು ವರದಿ ಹೋಯಿತು.

ಬೋರಲಿಂಗಯ್ಯನ ಹೆಂಡತಿ ಬೈರಮ್ಮ ಬಾಯಿ ಸತ್ತವಳಲ್ಲ. "ಮೂವತ್ತೊಂದು ವರ್ಸ ಹೊತ್ತಿದ್ದು ಸುಳ್ಳಂತಾ? ಅವ್ನ ಮನೆ ಹಾಳಾಗ. ನಾಳೆ ಓಗು, ದೊಡ್ಡ ಡಾಕ್ಟ್ರ ತಾವ ಬರುಸ್ಕಂಡು ಬಾ. ಸುಮ್ಕೆ ಬುಡಬ್ಯಾಡ," ಎಂದಳು.

ರಾಮನಗರದಲ್ಲಿ ಡಾಕ್ಟರ್ ಮುನವ್ವರಾ ಅವನ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಸಂತೋಷವಾಗಿ ನಕ್ಕರು. "ಯಜಮಾನ್ರೇ, ನಿಮ್ಮದು ಪಳಗಿದ ಎದೆ. ದಿನಾ ಗೇಯ್ದು ಗೇಯ್ದು ಗಟ್ಟಿಯಾಗಿದೆ. ನಮ್ಮ ಎದೆ ಎರಡು ಸಲ ಬಡಿದು ನೂಕೋ ರಕ್ತಾನ ನಿಮ್ಮದು ಒಂದೇ ಸಲಕ್ಕೆ ನೂಕುತ್ತೆ. ಅದಕ್ಕೇ ಅವಸರ ಇಲ್ಲ. ನಾಡಿ ಏರದಿರೋದೇ ನೀವು ದುಡಿದಿದ್ದೀರಿ ಅನ್ನೋದಕ್ಕೆ ಸಾಕ್ಷಿ." ಹೇಳಿದ್ದನ್ನೆಲ್ಲ ಕಾಗದದಲ್ಲಿ ಬರೆದು ಸಹಿ ಹಾಕಿಯೂ ಕೊಟ್ಟರು. ಬೋರಲಿಂಗಯ್ಯನಿಗೆ ಕಣ್ಣು ತುಂಬಿ ಬಂತು. ತನ್ನೊಳಗೆ ಇಂಥ ಒಳ್ಳೆಯ ಆಳೊಬ್ಬ ಇಷ್ಟು ವರ್ಷ ಸದ್ದಿಲ್ಲದೆ ದುಡಿಯುತ್ತಿದ್ದಾನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಪ್ರಾಧಿಕಾರ ಆ ಕಾಗದವನ್ನು ಅತ್ಯಂತ ಎಚ್ಚರಿಕೆಯಿಂದ ಪರಿಶೀಲಿಸಿತು. ಹನ್ನೆರಡನೇ ದಿನಕ್ಕೆ ಉತ್ತರ ಬಂತು: "ತಜ್ಞ ವೈದ್ಯರ ವರದಿಯಂತೆ, ಸಾಮಾನ್ಯ ಹೃದಯವು ಎರಡು ಬಾರಿ ಮಾಡುವ ಕೆಲಸವನ್ನು ಅರ್ಜಿದಾರರ ಹೃದಯವು ಒಂದೇ ಬಾರಿ ಮಾಡಿ ಸುಮ್ಮನಾಗುವ ಪ್ರವೃತ್ತಿ ಹೊಂದಿದೆ. ಸದರಿಯವರ ಅಂಗಾಂಗಗಳಲ್ಲಿಯೇ ಮೈಗಳ್ಳತನ ಬೇರೂರಿರುವುದು ಇದರಿಂದ ಸಾಬೀತಾಗಿದ್ದು, ಮೇಲ್ಮನವಿಯನ್ನು ತಿರಸ್ಕರಿಸಿದೆ."

ಇನ್ನು ಉಳಿದದ್ದು ವಹಾಬನ ಉಪಾಯ ಒಂದೇ. ಮೂರು ತಿಂಗಳಿಗೊಮ್ಮೆ ಮರುಪರೀಕ್ಷೆಗೆ ಅವಕಾಶವಿತ್ತು. "ಬೋರಣ್ಣ, ಅಲ್ಲೀತಂಕ ಏನೂ ಮಾಡ್ಬೇಡ. ಬರೀ ತಿನ್ನೋದು, ಬಿದ್ಕೊಳೋದು. ಎದೆ ತಾನಾಗೇ ಕೆಡತೈತೆ. ಆಮೇಲೆ ನೋಡು, ಎರಡು ಮೆಟ್ಲಿಗೇ ನೂರೈವತ್ತು."

"ತಿನ್ನಕೆ ಎಲ್ಲೈತ್ಲಾ, ಕೆಲ್ಸ ಇಲ್ದಲೆ?"

"ಅದು ಷರತ್ತಲ್ಲಿಲ್ಲ."

ಆದರೂ ಬೋರಲಿಂಗಯ್ಯ ಪ್ರಯತ್ನಪಟ್ಟ. ಜಗುಲಿಯ ಮೇಲೆ ಚಾಪೆ ಹಾಸಿ, ಅನಂತರಾಜು ಅವರ ಹಾಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗಿದ. ಮೊದಲ ದಿನ ಹೇಗೋ ಕಳೆಯಿತು. ಎರಡನೇ ದಿನ ಮೈಯೆಲ್ಲ ನೋವು ಬಂತು. ಮೂರನೇ ದಿನ ಬೈರಮ್ಮ ದೇವಸ್ಥಾನಕ್ಕೆ ಹೋಗಿದ್ದನ್ನು ನೋಡಿ ಕಳ್ಳನ ಹಾಗೆ ಎದ್ದು, ಪಕ್ಕದ ಮನೆಯವರ ಕಲ್ಲು ಮಣ್ಣು ಹೊತ್ತು ಹಾಕಿ ಬಂದ. ಐದನೇ ದಿನ ಊರಿನವರ ಹುಲ್ಲು ಹೊರೆ, ಎಂಟನೇ ದಿನ ಯಾರದೋ ಕಪಾಟು. ತಿಂಗಳಾದ ಮೇಲೆ ವಹಾಬ್ ಅವನ ಕೈ ಹಿಡಿದು ಎಣಿಸಿದರೆ ನಾಡಿ ಮೊದಲಿಗಿಂತ ಇನ್ನೂ ಎರಡು ಕಡಿಮೆಯಾಗಿತ್ತು. ವಹಾಬ್ ತಲೆ ಚಚ್ಚಿಕೊಂಡ. ವಹಾಬನೂ ಆ ತಿಂಗಳು ಕೈಕಟ್ಟಿ ಕುಳಿತಿರಲಿಲ್ಲ, ಅದು ಬೇರೆ ಮಾತು.

ಅತ್ತ ಉಗ್ರಾಣದ ಅಂಗಳದಲ್ಲಿ ರಾಗಿ ರಾಶಿ ಬಿದ್ದಿತ್ತು. ಮಾಗಡಿ ಕಡೆಯ ಲಾರಿಗಳು ಗೇಟಿನಿಂದ ರಸ್ತೆಯವರೆಗೆ ಸಾಲುಗಟ್ಟಿ ನಿಂತವು. ಇಪ್ಪತ್ತಮೂರು ಮಂದಿ ದೃಢೀಕೃತ ಶ್ರಮಿಕರು ದಿನಾ ತಪ್ಪದೆ ಬಂದು, ಬಿಲ್ಲೆ ಸಿಕ್ಕಿಸಿಕೊಂಡು, ಮೂಟೆಯ ಸುತ್ತ ನಿಂತು ಏದುಸಿರು ಬಿಡುತ್ತಿದ್ದರು. ಮೂಟೆ ಅಲುಗಲಿಲ್ಲ. ಒಬ್ಬ ಭಾವಮೈದುನ ಮೂಟೆಯ ಮೂಲೆ ಹಿಡಿದು ಎಳೆದ ರಭಸಕ್ಕೆ ಸೊಂಟ ಹಿಡಿದುಕೊಂಡು, ಅವನನ್ನು ಮನೆಗೆ ಸಾಗಿಸಲು ನಾಲ್ಕು ಜನ ಬೇಕಾಯಿತು. ಮೋಡ ಕಟ್ಟುವ ಸೂಚನೆ ಕಂಡಾಗ ಪ್ರಾಧಿಕಾರ ತುರ್ತು ಸಭೆ ಸೇರಿತು.

ಸಭೆಯಲ್ಲಿ ಪರೀಕ್ಷೆಯೇ ತಪ್ಪಿರಬಹುದೇ ಎಂಬ ಪ್ರಶ್ನೆ ಏಳಲಿಲ್ಲ. ತಿದ್ದುಪಡಿ ಸುತ್ತೋಲೆ ಹೊರಟಿತು. ಅದರಂತೆ ಪ್ರತಿ ಶ್ರಮಿಕನೂ ಒಬ್ಬ ಹೊರೆ ಸಹಾಯಕನನ್ನು ಇಟ್ಟುಕೊಳ್ಳಬಹುದು. ಮೂಟೆಯನ್ನು ಸಹಾಯಕ ಹೊರತಕ್ಕದ್ದು. ಶ್ರಮಿಕನು ಮೂರು ಅಡಿ ಅಂತರದಲ್ಲಿ ಹಿಂದೆ ನಡೆಯುತ್ತ ಏದುಸಿರು ಬಿಡತಕ್ಕದ್ದು. ಕೂಲಿ ಶ್ರಮಿಕನ ಹೆಸರಿಗೇ ಬರುವುದು. ಅದರಲ್ಲಿ ಸಹಾಯಕನಿಗೆ ಏನು ಕೊಡಬೇಕೆಂಬುದು ಶ್ರಮಿಕನ ಔದಾರ್ಯಕ್ಕೆ ಬಿಟ್ಟದ್ದು.

ಸಹಾಯಕನಾಗಲು ಒಂದು ಮುಚ್ಚಳಿಕೆ ಬರೆದುಕೊಡಬೇಕಿತ್ತು. ಮಹೇಂದ್ರ ಅವರು ಅದನ್ನು ಬೋರಲಿಂಗಯ್ಯನಿಗೆ ಓದಿ ಹೇಳಿದರು: "ನಾನು ನನ್ನ ಜೀವಮಾನದಲ್ಲಿ ಯಾವುದೇ ದೈಹಿಕ ಶ್ರಮ ಮಾಡಿರುವುದಿಲ್ಲ. ಮುಂದೆಯೂ ಮಾಡುವುದಿಲ್ಲ. ಮೂಟೆ ಹೊರುವುದನ್ನು ಶ್ರಮವೆಂದು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ."

ಬೋರಲಿಂಗಯ್ಯ ಪೆನ್ನು ಹಿಡಿದ. ಇದಕ್ಕೆ ಸಹಿ ಹಾಕಿದರೆ ಮೂವತ್ತೊಂದು ವರ್ಷ ಅವನ ಕೈಯಿಂದಲೇ ಅಳಿಸಿದಂತೆ. ಹಾಕದಿದ್ದರೆ ಗೇಟಿನ ಹೊರಗೆ.

"ಸ್ವಾಮಿ, ಈ ಒಂದು ಸಾಲು ಬುಟ್ಟು ಬರುದ್ರೆ ಆಗಲ್ವಾ? 'ಜೀವಮಾನದಲ್ಲಿ' ಅನ್ನೋದು?"

"ಫಾರಂ ಪ್ರಿಂಟಾಗಿ ಬಂದಿದೆ ಕಣಯ್ಯ."

ಅಷ್ಟರಲ್ಲಿ ಹಿಂದಿನಿಂದ ವಹಾಬ್ ಬಂದು ತನ್ನ ಫಾರಂಗೆ ಸರಕ್ಕನೆ ಸಹಿ ಎಳೆದ. "ಹಾಕು ಬೋರಣ್ಣ. ರಾಗಿಗೆ ಓದಕ್ ಬರಲ್ಲ," ಎಂದ. ಬೋರಲಿಂಗಯ್ಯ ಸಹಿ ಹಾಕಿದ. ಮೊದಲನೇ ಸಲ ಅವನ ಎದೆ ಡವಡವ ಹೊಡೆದುಕೊಂಡಿತು, ನೂರ ನಲವತ್ತು ಖಂಡಿತ ದಾಟಿರಬೇಕು. ಆದರೆ ಯಂತ್ರ ಆ ಹೊತ್ತಿಗೆ ಪೆಟ್ಟಿಗೆಯಲ್ಲಿತ್ತು.

ಈಗ ಉಗ್ರಾಣ ಸರಾಗವಾಗಿ ನಡೆಯುತ್ತದೆ. ನೋಡಲು ಬಂದ ಚನ್ನಪಟ್ಟಣದವರು ತಮ್ಮಲ್ಲೂ ಇದೇ ಪದ್ಧತಿ ಬೇಕೆಂದು ಕೇಳಿದ್ದಾರೆ. ಮುಂದೆ ಹಮಾಲಿ ಮೂಟೆ ಹೊತ್ತು ನಡೆಯುತ್ತಾನೆ, ಹಿಂದೆ ಶ್ರಮಿಕ ಏದುಸಿರು ಬಿಡುತ್ತ ಬರುತ್ತಾನೆ, ಮೆಟ್ಟಿಲ ಬುಡದಲ್ಲಿ ಶ್ರಮಿಕನಿಗೆ ಮಜ್ಜಿಗೆ ಕೊಡಲಾಗುತ್ತದೆ. ಬೋರಲಿಂಗಯ್ಯ ಅನಂತರಾಜು ಅವರ ಪಾಲಿಗೆ ಬಂದಿದ್ದಾನೆ. ಮೊದಮೊದಲು ಅವನಿಗೆ ಮೈ ಉರಿಯುತ್ತಿತ್ತು. ದಿನಾ ಬೆನ್ನ ಹಿಂದೆ ಆ ಉಬ್ಬಸ ಕೇಳಿ ಕೇಳಿ, ಈಚೆಗೆ ಪಾಪ ಅನ್ನಿಸತೊಡಗಿದೆ. ಅವರು ಸುಧಾರಿಸಿಕೊಳ್ಳಲಿ ಎಂದು ಮೂಟೆ ಹೊತ್ತುಕೊಂಡೇ ನಡುನಡುವೆ ನಿಲ್ಲುತ್ತಾನೆ.

ಮೊನ್ನೆ ಗುರುವಾರ ಅನಂತರಾಜು ಅವರು ಹನ್ನೊಂದನೇ ಮೆಟ್ಟಿಲಲ್ಲಿ ಕುಕ್ಕರಿಸಿ ಕುಳಿತವರು ಏಳಲೇ ಇಲ್ಲ. ಮಹೇಂದ್ರ ಅವರು ಯಂತ್ರ ಹಿಡಿದು ಓಡಿ ಬಂದರು. ನೂರ ಎಪ್ಪತ್ತೆರಡು. ಅಲ್ಲಿಯವರೆಗಿನ ದಾಖಲೆ. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು, ಬೋರಲಿಂಗಯ್ಯನೂ ಮೂಟೆ ಇಳಿಸಿ ಬಂದು ತಟ್ಟಿದ. ಆಮೇಲೆ ತೊಂಬತ್ತಾರು ಕಿಲೋ ಅನಂತರಾಜು ಅವರನ್ನು ಬೆನ್ನ ಮೇಲೆ ಹಾಕಿಕೊಂಡು ಮೆಟ್ಟಿಲಿಳಿದು, ಅಂಗಳ ದಾಟಿ, ಕಾರಿನವರೆಗೆ ಒಯ್ದು ಕೂರಿಸಿದ. ಮಹೇಂದ್ರ ಅವರು ದಾಖಲೆ ಪುಸ್ತಕದಲ್ಲಿ ಹೀಗೆ ಬರೆದರು: "ಶ್ರೀಯುತರು ಕೊನೆಯವರೆಗೂ ಶ್ರಮಿಸಿದರು. ಸ್ಥಳದಲ್ಲಿ ಸಹಾಯಕನೂ ಹಾಜರಿದ್ದನು."

ಸಂಜೆ ಬೋರಲಿಂಗಯ್ಯ ಜಗುಲಿಯಲ್ಲಿ ಕುಳಿತಾಗ ಬೆನ್ನು ನೇರ ಮಾಡಲು ಆಗುತ್ತಿರಲಿಲ್ಲ. ಬೈರಮ್ಮ ಅಂಗೈಗೆ ಹರಳೆಣ್ಣೆ ಸುರಿದುಕೊಂಡು ತಿಕ್ಕಲು ಬಂದಳು. ಅವನು ಪಕ್ಕಕ್ಕೆ ಸರಿದು ಕುಳಿತ.

"ಬ್ಯಾಡ ಬುಡು. ಪಾಪ, ಅನಂತರಾಜಣ್ಣ ಇವತ್ತು ಗೇಯ್ದು ಗೇಯ್ದು ಬಿದ್ದೇ ಓದ್ರು. ನಾನೇನ್ ಕೆಲ್ಸ ಮಾಡಿವ್ನಿ ಅಂತ ಎಣ್ಣೆ ಆಕ್ಸ್ಕಳ್ಳಲಿ?"

ಬೈರಮ್ಮ ಒಂದು ಗಳಿಗೆ ಯೋಚಿಸಿದಳು. ಅವಳಿಗೂ ಅದು ಸರಿಯೆನ್ನಿಸಿತು. ಅಂಗೈಯಲ್ಲಿದ್ದ ಎಣ್ಣೆಯನ್ನು ಒಂದು ತೊಟ್ಟೂ ಚೆಲ್ಲದ ಹಾಗೆ ಬಾಟಲಿಗೆ ವಾಪಸು ಬಿಟ್ಟಳು.