ನಮಗೆ ನಾವೇ ಮಾರ್ಕ್ಸ್ ಕೊಟ್ಟುಕೊಂಡದ್ದು

ಮಕ್ಕಳಿಗೆ ಮಾರ್ಕ್ಸ್ ಹಾಕುವಾಗ ಹುಲಿಯಾಗಿರುವ ಮಾಸ್ತರರು, ತಮಗೆ ತಾವೇ ಹಾಕಿಕೊಳ್ಳಿ ಎಂದರೆ ಬೆಕ್ಕಾಗುತ್ತಾರೆ. ಸಿಂಧನೂರಿನ ಪಕ್ಕದ ಹಳ್ಳಿಯಲ್ಲಿ ಹೆಡ್‌ಮಾಸ್ತರನಾದ ನನಗೆ, ಸ್ವಮೌಲ್ಯಮಾಪನದ ಫಾರಂ ಬಂದಾಗೆಲ್ಲ ಈ ತಮಾಷೆ ತಪ್ಪಿದ್ದಲ್ಲ.

೧. ಗಣಿತದ ಮಾಸ್ತರರು

ಇವರು ಮಾತ್ರ ಬೆಕ್ಕಾಗಲಿಲ್ಲ. ಎಲ್ಲ ಕಾಲಮಿಗೂ ‘ಅತ್ಯುತ್ತಮ’ ಎಂದು ಬರೆದುಕೊಂಡಿದ್ದರು. ‘ಸುಧಾರಣೆ ಆಗಬೇಕಾದದ್ದು’ ಎಂಬಲ್ಲಿ ಒಂದೇ ಪದ: ‘ಹೆಡ್‌ಮಾಸ್ತರ್’.

“ಇದೇನ್ರಿ?” ಅಂದೆ.

“ಖರೇ ಬರೀರಿ ಅಂತ ನೀವ ಹೇಳಿದ್ರಲ್ಲರಿ” ಅಂದರು.

೨. ಒಂದನೇ ತರಗತಿಯ ಅಕ್ಕೋರು

ಮಸ್ಕಿಯಿಂದ ಬರುವ ಅಕ್ಕೋರದು ತದ್ವಿರುದ್ಧ. ಭತ್ತ ನಾಟಿಯ ದಿನಗಳಲ್ಲಿ ಕಾಲುವೆ ದಂಡೆ ಮೇಲೆ ನಿಂತು, ಅವ್ವಂದಿರ ಹಿಂದೆ ಗದ್ದೆಗೆ ಹೊರಟ ಮಕ್ಕಳನ್ನು ಕೂಗಿ ಕರೆದು ಶಾಲೆಗೆ ತರುವವರು ಅವರೇ. ಆದರೂ ಎಲ್ಲ ಕಡೆ ‘ಸಾಧಾರಣ’ ಎಂದೇ ಬರೆದಿದ್ದರು.

“ನಮ್ಮ ಬಾಯಿಲೆ ನಾವ ಚಲೋ ಅಂದ್ಕೊಂಡ್ರ ದೃಷ್ಟಿ ಆಗ್ತದರಿ ಸರ.”

ಗುರಿಯ ಕಾಲಮಿನಲ್ಲಿ ಒಂದು ಸಾಲು: ‘ನನ್ನ ಮಕ್ಕಳು ಮನಸ್ಸಿನ ಮಾತನ್ನು ತಾವೇ ಬರೆಯಬೇಕು.’

‘ಸಾಧಾರಣ’ ಕಂಡ ಮೇಲಿನವರು ಅವರನ್ನು ತಿಂಗಳ ತರಬೇತಿಗೆಂದು ಲಿಂಗಸುಗೂರಿಗೆ ಹಾಕಿದರು. ಅದೂ ನಾಟಿಯ ಹೊತ್ತಿಗೆ! ಅವರು ಹೋದರೆ ಒಂದನೇ ತರಗತಿಯೇ ಗದ್ದೆಗಿಳಿಯುತ್ತದೆ. ನಾನು ಕೂಡಲೇ ತಕರಾರು ಬರೆದು ಕಳಿಸಿದೆ. ದೃಷ್ಟಿ ಬಿದ್ದದ್ದು ಹೊಗಳಿಕೆಗಲ್ಲ, ವಿನಯಕ್ಕೆ.

೩. ಊರವರ ಸಾಕ್ಷಿ

ನನ್ನ ತಕರಾರು ಓದಿ ಶಿಕ್ಷಣ ಇಲಾಖೆಯ ಸಾಹೇಬರು ಶಾಲೆಗೇ ಬಂದರು. ಜೀಪು ಕಂಡ ಹೆಂಗಸರು ಕೆಸರುಗಾಲಲ್ಲೇ ಓಡಿ ಬಂದರು. ಹಿಂದೊಬ್ಬ ಮಾಸ್ತರರನ್ನು ಊರು ಹೊಗಳಿದ್ದೇ ತಡ, ಅವರು ಬಡ್ತಿ ಸಿಕ್ಕು ಬೇರೆ ಊರಿಗೆ ಹೋಗಿಬಿಟ್ಟಿದ್ದರು. ಈ ಸಲ ಊರು ಹುಷಾರಾಗಿತ್ತು.

“ಈ ಅಕ್ಕೋರಿಗೆ ಏನೂ ಬರಂಗಿಲ್ರಿ ಸಾಹೇಬ್ರ” ಎಂದಳು ಒಬ್ಬ ಅಜ್ಜಿ. “ಒಯ್ದು ಏನ್ ಮಾಡ್ತೀರಿ? ನಮಗ ಇರಲಿ ಬಿಡ್ರಿ.”

ನಾನು ಹಣೆ ಚಚ್ಚಿಕೊಂಡೆ. ಅಷ್ಟರಲ್ಲಿ ಒಂದನೇ ತರಗತಿಯಲ್ಲಿರುವ ಅವಳ ಮೊಮ್ಮಗಳು ಅಳುತ್ತಲೇ ಚಾಕ್‌ಪೀಸ್ ಹಿಡಿದು, ಹಲಗೆ ಮೇಲೆ ದುಂಡಗೆ ಬರೆದಳು: ‘ನಮ್ಮ ಅಕ್ಕೋರಿಗೆ ಏನೂ ಬರಂಗಿಲ್ಲ. ಒಯ್ಯಬ್ಯಾಡ್ರಿ.’

“ಯಾರು ಹೇಳಿ ಬರೆಸಿದ್ರವ್ವ?” ಸಾಹೇಬರು ಕೇಳಿದರು.

“ಬರಿಯೋದು ಅಕ್ಕೋರು ಕಲಿಸ್ಯಾರ್ರಿ. ಇದು ನಾನ ಬರ್ದೀನಿ.”

ಸಾಹೇಬರು ನಕ್ಕು, ಅಕ್ಕೋರ ಫಾರಂನಲ್ಲಿ ಗುರಿಯ ಮುಂದೆ ‘ಸಾಧಿಸಿದ್ದಾರೆ’ ಎಂದು ಬರೆದು ತರಬೇತಿ ರದ್ದು ಮಾಡಿದರು. ಅಕ್ಕೋರು ಆ ಹುಡುಗಿಯನ್ನು ತಬ್ಬಿಕೊಂಡು ಅತ್ತರು. ನನ್ನ ಕಣ್ಣುಗಳೂ ಒದ್ದೆಯಾದವು.

ಜೀಪು ಹೋದ ಮೇಲೆ ಆಸೆಯಿಂದ ಅಜ್ಜಿಯನ್ನು ಕೇಳಿದೆ: “ಯವ್ವಾ, ನನ್ನ ಬಗ್ಗೆ ಸಾಹೇಬ್ರಿಗೆ ಏನರ ಹೇಳಿದ್ಯೇನು?”

“ಹೇಳದ ಬಿಡ್ತೀನೇನ್ರಿ ಸರ? ಜೀಪಿನ ತನಕ ಹೋಗಿ, ನಿಮ್ಮನ್ನ ಬಾಯಿತುಂಬ ಹೊಗಳಿ ಬಂದೀನಿ.”