ಮೀಸಲು ಬದನೆಕಾಯಿ

ಆ ಬೇಸಿಗೆಯಲ್ಲಿ ಪರ್ವತಯ್ಯನ ಕಷ್ಟಕ್ಕೆಲ್ಲ ಮೂಲ, ಅವನ ಬಾವಿಯಲ್ಲಿ ನೀರಿದ್ದದ್ದು. ತೋವಿನಕೆರೆ ಕಡೆಯ ಆ ಸಣ್ಣ ಊರಿನಲ್ಲಿ ಮಿಕ್ಕವರ ಬಾವಿಗಳು ತಳ ಕಂಡಿದ್ದವು. ಇವನ ಬದನೆ ತೋಟವೊಂದೇ ಹಸಿರಾಗಿತ್ತು. ಹಸಿರು ಕಂಡಲ್ಲಿಗೆ ಬರುವುದು ಮೇಕೆಗಳಷ್ಟೇ ಅಲ್ಲ. ಬೆಳಗಾದರೆ ಒಬ್ಬೊಬ್ಬರೇ ಬಂದು ಒಂದು ಹೊತ್ತಿನ ಸಾರಿಗೆಂದು ನಾಲ್ಕು ಕಾಯಿ ಕೇಳುವರು. ಕಾಸು ಕೇಳುವಂತಿಲ್ಲ. ಆ ಊರಿನಲ್ಲಿ ನೆರೆಯವರಿಗೆ ತರಕಾರಿ ಮಾರುವುದೂ ಮಜ್ಜಿಗೆ ಮಾರುವುದೂ ಒಂದೇ. ಮೂರು ತಲೆಮಾರು ಆಡಿಕೊಳ್ಳುತ್ತಾರೆ.

ಇದರ ಮೇಲೆ, ಎತ್ತುಗಳು ಬಾವಿಯಿಂದ ನೀರೆಳೆಯುವ ಕಪಿಲೆಯ ತೊಗಲ ಬಾನಿ ಹರಿದಿತ್ತು. ಹೆಂಡತಿ ಇಂದ್ರಮ್ಮ ತೇಪೆಯ ಮೇಲೆ ತೇಪೆ ಹಾಕಿದರೂ ಬಾನಿ ಮೇಲೆ ಬರುವಷ್ಟರಲ್ಲಿ ಅರ್ಧ ನೀರು ಬಾವಿಗೇ ವಾಪಸು. ಯುದ್ಧದ ಕಾಲ; ತೊಗಲೆಲ್ಲ ಸಿಪಾಯಿಗಳ ಬೂಟಿಗೆ ಹೋಗಿ ಹೊಸ ಬಾನಿಯ ಬೆಲೆ ಏರಿತ್ತು. ಬರುವ ಕೊರಟಗೆರೆ ಸಂತೆಗೆ ಕಾಯಿಯೆಲ್ಲ ಒಯ್ದು ಮಾರಿದರೆ ಬಾನಿ ಬರುತ್ತದೆ. ಬಾರದಿದ್ದರೆ ಎಂಟು ದಿನದಲ್ಲಿ ಗಿಡ ಒಣಗುತ್ತದೆ. ಆಮೇಲೆ ಮಳೆ ಬರುವವರೆಗೆ ಗಂಡಹೆಂಡಿರಿಗೆ ಬೇರೆ ಆಧಾರವಿಲ್ಲ.

ಸಂತೆಯ ಹಿಂದಿನ ದಿನ, ಸೋಮವಾರ ಬೆಳಿಗ್ಗೆ, ಪಕ್ಕದ ಮನೆಯ ಕ್ಯಾತಮ್ಮ ಮಡಿಲು ಒಡ್ಡಿಕೊಂಡೇ ಬಂದಳು. ಇಲ್ಲ ಎನ್ನುವ ಎದೆ ಪರ್ವತಯ್ಯನಿಗೆ ಎಂದೂ ಇರಲಿಲ್ಲ. ಸುಳ್ಳಿಗಾದರೆ ಅಷ್ಟು ಎದೆ ಬೇಕಾಗಿಲ್ಲ.

"ಕೀಳಂಗಿಲ್ಲ ಕಣಮ್ಮ. ತೋಟ ಪೂರಾ ಗುಡ್ಡದ ಸಿದ್ದಪ್ಪ ದೇವ್ರಿಗೆ ಮೀಸಲು ಬುಟ್ಟಿದೀನಿ" ಎಂದ.

ಕ್ಯಾತಮ್ಮ ಕೆನ್ನೆಗೆ ಬಡಿದುಕೊಂಡು, ಕೈ ಮುಗಿದು ಹೊರಟುಹೋದಳು. ಇಷ್ಟು ಸುಲಭವೆಂದು ಗೊತ್ತಿದ್ದರೆ ಯುಗಾದಿಯಲ್ಲೇ ಹೇಳಿಬಿಡುತ್ತಿದ್ದೆನಲ್ಲ ಎಂದುಕೊಂಡ ಪರ್ವತಯ್ಯ.

ಕ್ಯಾತಮ್ಮನಿಗೆ ಹೇಳಿದರೆ ಡಂಗುರ ಹೊಡೆಸಿದ ಹಾಗೆ. ರಾಗಿ ಅಂಬಲಿ ಕುಡಿದು ಕೈ ತೊಳೆಯುವಷ್ಟರಲ್ಲಿ ಸಂಜೀವಯ್ಯ ನಾಲ್ಕಾರು ಜನರನ್ನು ಹಿಂದಿಟ್ಟುಕೊಂಡು ಬಂದ. ಊರಿನ ದೇವರ ಕೆಲಸಗಳಿಗೆಲ್ಲ ಈತ ತನ್ನನ್ನು ತಾನೇ ನೇಮಿಸಿಕೊಂಡ ಯಜಮಾನ. ಇನ್ನೊಬ್ಬರ ಖರ್ಚಿನಲ್ಲಿ ಪುಣ್ಯ ಮಾಡಿಸುವುದರಲ್ಲಿ ಬಲು ಧಾರಾಳಿ.

"ಯಾತಕ್ಕಪ್ಪ ಹರಕೆ ಕಟ್ಕೊಂಡಿದ್ದು?" ಎಂದು ಕೇಳಿದ.

ಹರಕೆಗೊಂದು ಕಾರಣ ಬೇಕೆಂಬುದು ಪರ್ವತಯ್ಯನಿಗೆ ಹೊಳೆದೇ ಇರಲಿಲ್ಲ. ಮಕ್ಕಳಿಗೆ ಅನ್ನೋಣವೆಂದರೆ ಮಕ್ಕಳಿಲ್ಲ. ಕಾಯಿಲೆ ಅನ್ನೋಣವೆಂದರೆ ಕಲ್ಲಿನಂತಿದ್ದಾನೆ. "ಊರಿಗೆ ಒಳ್ಳೇದಾಗ್ಲಿ ಅಂತ" ಎಂದುಬಿಟ್ಟ.

ಸಂಜೀವಯ್ಯನ ಕಣ್ಣು ತುಂಬಿತು. ಊರಿಗೆಂದು ಹೊತ್ತ ಹರಕೆಯನ್ನು ನೀನೊಬ್ಬನೇ ತೀರಿಸಲು ನಾವು ಬಿಟ್ಟೇವೆಯೇ, ಗಾಡಿ ನನ್ನದು, ಇವತ್ತೇ ಗುಡ್ಡದ ಮಠದ ದಾಸೋಹಕ್ಕೆ ಮುಟ್ಟಿಸೋಣ ಎಂದ. ಒಳ್ಳೆಯ ದಿನ ನೋಡಬೇಕಲ್ಲ ಎಂದು ಪರ್ವತಯ್ಯ ತೊದಲಿದ. ಸೋಮವಾರಕ್ಕಿಂತ ಒಳ್ಳೆಯ ದಿನವೇ ಎಂದ ಸಂಜೀವಯ್ಯ. ಐದು ಕಾಯಿ ಸಾಕೇನೋ ಎಂದದ್ದಕ್ಕೆ, ದೇವರಿಗೆ ಪೂರಾ ಎಂದು ಹೇಳಿ ಐದು ಕೊಟ್ಟರೆ ಊರಿನ ದನಗಳಿಗೆ ರೋಗ ಬಡಿಯುತ್ತದೆ ಎಂದು ಹಿಂದಿದ್ದವರು ಗದರಿದರು. ಸುಳ್ಳು ಹೇಳಿದೆ ಅನ್ನೋಣವೆಂದರೆ, ಸಿದ್ದಪ್ಪನ ಹೆಸರಿನಲ್ಲಿ ಸುಳ್ಳಾಡಿದವನಿಗೆ ಊರಿನಲ್ಲಿ ಬೆಂಕಿ ನೀರು ಹುಟ್ಟುತ್ತಿರಲಿಲ್ಲ.

ಅವನ ಬಾವಿಯ ನೀರನ್ನೇ ಸೇದಿ ಮಿಂದು, ಒದ್ದೆ ಬಟ್ಟೆಯಲ್ಲಿ ಊರೇ ತೋಟಕ್ಕೆ ನುಗ್ಗಿತು. ಮೀಸಲೆಂದ ಮೇಲೆ ಒಂದನ್ನೂ ಉಳಿಸಬಾರದೆಂದು ಬಲಿತದ್ದು, ಎಳೆಯದು, ಹೂ ಕಚ್ಚಿಕೊಂಡಿದ್ದ ಹೀಚು, ಎಲ್ಲವನ್ನೂ ಕಿತ್ತರು. ಬೀಜಕ್ಕೆ ಬಿಟ್ಟಿದ್ದ ಹಳದಿ ಹಣ್ಣುಗಳನ್ನು ಕ್ಯಾತಮ್ಮ ಹುಡುಕಿ ಹುಡುಕಿ ತಂದಳು. ರೆಂಬೆ ಮುರಿದಾಗಲೆಲ್ಲ ಪರ್ವತಯ್ಯ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಭಕ್ತಿಯಲ್ಲಿ ಅಳುತ್ತಿದ್ದಾನೆ ಎಂದು ಹೆಂಗಸರು ಮಾತಾಡಿಕೊಂಡರು. ಇಂದ್ರಮ್ಮ ಮಾತ್ರ ಬಾವಿಕಟ್ಟೆಯ ಮೇಲೆ ಹರಿದ ಬಾನಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಮೊದಲ ಬುಟ್ಟಿ ಪರ್ವತಯ್ಯನ ತಲೆಯ ಮೇಲೆ. ಉರಿಬಿಸಿಲಿನಲ್ಲಿ ಗಾಡಿಯ ಮುಂದೆ ಬರಿಗಾಲಿನಲ್ಲಿ ಎರಡು ಹರಿದಾರಿ ನಡೆದ. ಹೋಗಲಿ, ಕೇಳಿ ಕೇಳಿ ಪ್ರಾಣ ತಿಂದ ಈ ಊರಿನವರ ಬಾಯಿಗಂತೂ ಒಂದು ಕಾಯಿಯೂ ಬೀಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ. ಅಷ್ಟೊಂದು ಹೊಟ್ಟೆಕಿಚ್ಚಿನಿಂದ ಹರಕೆ ತೀರಿಸಿದವನು ಆ ಮಠಕ್ಕೆ ಅದುವರೆಗೆ ಬಂದಿರಲಿಕ್ಕಿಲ್ಲ.

ಮಠದ ಮುದಿ ಸ್ವಾಮಿಗಳು ಗಾಡಿಯನ್ನು ನೋಡಿ, ಏನು ಸಂಕಲ್ಪವೆಂದು ಕೇಳಿದರು. ಸಂಜೀವಯ್ಯ ಎದೆಯುಬ್ಬಿಸಿ ಹೇಳಿದ. ಸ್ವಾಮಿಗಳು ಪರ್ವತಯ್ಯನ ತಲೆ ಸವರಿದರು.

"ಊರಿಗಾಗಿ ಮಾಡಿದ್ದು ಊರಿಗೇ ಸಲ್ಲಬೇಕಪ್ಪ. ಒಂದು ಬುಟ್ಟಿ ಇಲ್ಲಿಡಿ. ಮಿಕ್ಕದ್ದನ್ನ ಮನೆಮನೆಗೂ ಪ್ರಸಾದ ಅಂತ ಸಮನಾಗಿ ಹಂಚಿ."

ಸಂಜೆ ಗಾಡಿ ಊರಿಗೆ ಮರಳಿತು. ಮನೆಗೊಂದು ಮೊರದ ತುಂಬ ಬದನೆಕಾಯಿ. ಪರ್ವತಯ್ಯನ ಮನೆಗೂ ಒಂದೇ ಮೊರ. ಅವನು ಅದನ್ನು ಸರತಿಯಲ್ಲಿ ನಿಂತು, ಎರಡೂ ಕೈಯೊಡ್ಡಿ, ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಬೇಕಾಯಿತು. ಪ್ರಸಾದವನ್ನು ಸಂತೆಯಲ್ಲಿ ಮಾರಿದರೆ ವಂಶ ನಿಲ್ಲದು ಎಂದು ಸಂಜೀವಯ್ಯ ಎಲ್ಲರಿಗೂ ಎಚ್ಚರಿಕೆ ಕೊಟ್ಟ. ಬೀದಿಯ ತುಂಬ ಒಗ್ಗರಣೆಯ ವಾಸನೆ ಎದ್ದಿತು.

ಕೊನೆಗೆ ತಡೆಯಲಾರದೆ ಪರ್ವತಯ್ಯ, ಬಾನಿ ಹರಿದಿದೆ, ಹೊಸದಕ್ಕೆ ಕಾಸಿಲ್ಲ, ಎಂಟು ದಿನದಲ್ಲಿ ಗಿಡ ಒಣಗುತ್ತದೆ ಎಂದು ಸಂಜೀವಯ್ಯನ ಮುಂದೆ ಬಾಯಿಬಿಟ್ಟ.

ಸಂಜೀವಯ್ಯ ಅವನ ಹೆಗಲ ಮೇಲೆ ಕೈಯಿಟ್ಟ.

"ಅದಕ್ಯಾಕಪ್ಪ ಯೋಚ್ನೆ? ಅದಕ್ಕೂ ಒಂದು ಹರಕೆ ಕಟ್ಕೊಂಬುಡು. ನಿನ್ನ ಎತ್ತು ಜೋಡಿ ಇನ್ನೂ ಐತಲ್ಲ."